ಮತದಾನಕ್ಕೆ ಮೊದಲೇ ವಾಪಸಾದ ಪೈಪುಗಳು

ಪೈಪು ಇಳಿಸಿದ ದಿನ ನನಗೆ ನಾಚಿಕೆಯಾಗಿತ್ತು ಎಂದು ಆಮೇಲೆ ಹಲವರ ಮುಂದೆ ಹೇಳಿದ್ದೇನೆ. ಅದು ಸುಳ್ಳು. ಆ ದಿನ ನನಗಾದದ್ದು ಹೆಮ್ಮೆ. ಇಪ್ಪತ್ತಾರು ಸಿಮೆಂಟ್ ಪೈಪುಗಳು, ಒಂದೊಂದರೊಳಗೂ ಕುರಿಮರಿ ನುಗ್ಗಿ ಹೊರಬರಬಹುದಾದಷ್ಟು ಅಗಲ, ಊರ ಹೊರಗಿನ ಡಾಂಬರು ರಸ್ತೆಯ ಬದಿಗೆ ಒಂದೇ ಗೆರೆಯಲ್ಲಿ ಕೂತಿದ್ದವು. ಕ್ರೇನಿನವನಿಗೆ ನಾನೇ ದಾರ ಹಿಡಿದು ಗೆರೆ ತೋರಿಸಿದ್ದೆ. ಮುಂಡರಗಿಯಿಂದ ಬರುವ ಬಸ್ಸಿನ ಕಿಟಕಿಯಿಂದ ನೋಡಿದರೆ ಕಾಮಗಾರಿ ನಾಳೆಯೇ ಶುರುವಾಗುವಂತೆ ಕಾಣುತ್ತಿತ್ತು. ಹಾಗೆ ಕಾಣುವಂತೆ ಮಾಡುವುದೇ ನನ್ನ ಕೆಲಸ.

ಲಕ್ಷ್ಮೇಶ್ವರದ ಪ್ರಚಾರ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಊರುಗಳ ಪಟ್ಟಿಯೊಂದು ಇರುತ್ತಿತ್ತು. ಪ್ರತಿ ಊರಿನ ಎದುರು ಎರಡು ಕಾಲಂ: ಏನು ಕೇಳುತ್ತಾರೆ, ಏನು ಇಳಿಸಬೇಕು. ರಸ್ತೆ ಕೇಳುವ ಊರಿಗೆ ಎರಡು ಟ್ರಕ್ ಖಡಿ, ಅಂದರೆ ಜಲ್ಲಿ. ಕರೆಂಟು ಕೇಳುವ ಊರಿಗೆ ಕಂಬ. ನೀರು ಕೇಳುವ ಊರಿಗೆ ಪೈಪು. ಕಚೇರಿಯ ಮಾತಿನಲ್ಲಿ ಇದಕ್ಕೆ ‘ಇಳಿಸೋದು’ ಎಂದಷ್ಟೇ ಹೆಸರು. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಯಾಗುವ ಮುಂಚೆಯೇ ಇಳಿಸಿ ಮುಗಿಸಬೇಕು, ಇದರ ಜಾಣತನವೆಲ್ಲ ಅಲ್ಲೇ ಇರುವುದು. ಸಂಹಿತೆ ಬಂದ ಮೇಲೆ ಹೊಸ ಕೆಲಸ ಶುರುಮಾಡುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೆಲಸ ಯಾಕೆ ನಿಂತಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧ: “ಸಂಹಿತಿ ಬಂದೈತ್ರಿ, ಏನ್ ಮಾಡೂದು? ಮತದಾನ ಮುಗೀಲಿ.” ಮತದಾರರನ್ನು ಕಾಯಲೆಂದು ಮಾಡಿದ ನಿಯಮ ನಮಗೆ ನೆಪವಾಗುತ್ತಿತ್ತು. ಮತದಾನ ಮುಗಿದ ವಾರದೊಳಗೆ ಸಾಮಾನು ಮತ್ತೆ ಟ್ರಕ್ ಹತ್ತುತ್ತಿತ್ತು.

ಈ ಊರು ಮುಂಡರಗಿ ತಾಲ್ಲೂಕಿನದು. ಹೆಸರು ಬೇಡ. ಸಿಂಗಟಾಲೂರಿನ ಕಡೆಯಿಂದ ಬರುವ ಕಾಲುವೆಯ ಒಂದು ತೂಬು ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿದೆ. ಊರಿಗೆ ಒಂದು ಹಳೆಯ ಕೆರೆ, ಅದರ ಏರಿಯ ಕೆಳಗೆ ಒಂದು ಮೆಟ್ಟಿಲ ಬಾವಿ. ಅಭ್ಯರ್ಥಿಯ ಭಾಷಣಕ್ಕೆ ಚೀಟಿ ಬರೆದುಕೊಡುವವನೂ ನಾನೇ. ಈ ಊರಿನ ಚೀಟಿಯಲ್ಲಿ ಹೀಗೆ ಬರೆದಿದ್ದೆ: ‘ಕಾಲುವೆಯ ನೀರು ಪೈಪಿನಲ್ಲಿ ತಾನೇ ಹರಿದು ನಿಮ್ಮ ಕೆರೆಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.’ ಅಭ್ಯರ್ಥಿ ಅದನ್ನು ತಮ್ಮ ದೊಡ್ಡ ದನಿಯಲ್ಲಿ ಹೇಳಿದರು, ಊರು ಚಪ್ಪಾಳೆ ತಟ್ಟಿತು. ಅದೇ ಕಾಲುವೆಯ ಅಳತೆಯಲ್ಲಿ ಹಿಂದೆ ಎರಡು ವರ್ಷ ಲೆವೆಲ್ ಯಂತ್ರ ಹಿಡಿದು ದುಡಿದವನು ನಾನು. ಎರಡು ಜಾಗಗಳಲ್ಲಿ ಯಾವುದು ಎತ್ತರ, ಯಾವುದು ತಗ್ಗು ಎಂದು ಹೇಳುವುದೇ ಆ ಯಂತ್ರದ ಕೆಲಸ. ಕೆರೆ ಎತ್ತರವೋ ಕಾಲುವೆ ಎತ್ತರವೋ ಎಂದು ಆ ಚೀಟಿ ಬರೆಯುವಾಗ ಒಂದು ಕ್ಷಣವೂ ನಾನು ಯೋಚಿಸಲಿಲ್ಲ. ಯೋಚಿಸಿ ಬದಿಗಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ನಾನು ಯೋಚಿಸಿರಲೇ ಇಲ್ಲ.

ಏಪ್ರಿಲ್‌ನಲ್ಲಿ ಮನೆಮನೆ ಕರಪತ್ರ ಹಂಚಲು ಮತ್ತೆ ಆ ಊರಿಗೆ ಹೋದೆ. ಪೈಪುಗಳ ಹತ್ತಿರ ಏಳೆಂಟು ಹೆಂಗಸರು ನಿಂತಿದ್ದರು. ನಡುವೆ ಮಹಿಳಾ ಸಂಘದ ಅಧ್ಯಕ್ಷೆ, ಐವತ್ತರ ಆಸುಪಾಸಿನವರು, ಕೈಯಲ್ಲಿ ಕುಡುಗೋಲು. ಅದರ ಬೆನ್ನಿನಿಂದ ಪೈಪಿನ ಮೇಲಿನ ಸುಣ್ಣ ಕೆರೆಯುತ್ತಿದ್ದರು.

“ಬರ್ರಿ ಸರ್ರ, ಚಲೋ ಟೈಮಿಗೆ ಬಂದ್ರಿ. ಇದು ಹೊಸಾ ಪೈಪೋ ಹಳೇದೋ?”

“ಹೊಸಾದ್ರಿ ಅಕ್ಕಾರ.”

“ಹೊಸಾ ಪೈಪಿಗೆ ಕುಳ್ಳು ಯಾರು ತಟ್ಟಿದ್ರಿ? ಫ್ಯಾಕ್ಟರಿಯವ್ರು?”

ಹೆಂಗಸರು ನಕ್ಕರು. ಸುಣ್ಣದ ಕೆಳಗೆ ದುಂಡಗಿನ ಕಲೆಗಳು, ಒಂದೊಂದರಲ್ಲೂ ಐದು ಬೆರಳಿನ ಗುರುತು. ಆ ಪೈಪುಗಳು ಹಿಂದಿನ ಚುನಾವಣೆಯಲ್ಲಿ ಶಿರಹಟ್ಟಿ ಕಡೆಯ ಒಂದು ಊರಿನಲ್ಲಿ ಇಳಿದಿದ್ದವು. ಯಾವುದೋ ಕಾರಣಕ್ಕೆ ವಾಪಸು ಹೋಗದೆ ಅಲ್ಲೇ ಬಿಸಿಲಲ್ಲಿ ಬಿದ್ದಿದ್ದವು. ಅಲ್ಲಿನ ಹೆಂಗಸರು ಅವುಗಳ ಮೈಮೇಲೆ ಸಗಣಿ ಕುಳ್ಳು ತಟ್ಟಿ ಒಣಗಿಸಿಕೊಂಡಿದ್ದರು. ತರುವಾಗ ನಾನು ತೊಳೆಸುವ ಗೊಡವೆಗೆ ಹೋಗದೆ ಒಂದು ಕೈ ಸುಣ್ಣ ಬಳಿಸಿದ್ದೆ. ಊರ ಗಂಡಸರು ತಿಂಗಳಿಂದ ಆ ಪೈಪಿನ ಮೇಲೆ ಕೂತು ಬೀಡಿ ಸೇದಿದ್ದರು, ಯಾರಿಗೂ ಏನೂ ಕಂಡಿರಲಿಲ್ಲ. ಜೀವನವಿಡೀ ಕುಳ್ಳು ತಟ್ಟಿದ ಕೈಗಳಿಗೆ ದೂರದಿಂದಲೇ ಗುರುತು ಸಿಕ್ಕಿತ್ತು.

“ಇದು ಎಡಗೈಯಾಕಿದು,” ಎಂದು ಒಬ್ಬಳು ಒಂದು ಗುರುತಿನ ಮೇಲೆ ತನ್ನ ಕೈ ಇಟ್ಟು ನೋಡಿದಳು. “ಯಾವೂರಾಕಿನೋ ಪಾಪ. ಆಕಿಗೂ ಹಿಂಗ ಹೇಳಿರ್ಬೇಕು.”

ನಾನು ಏನೋ ಸಮಜಾಯಿಷಿ ಶುರುಮಾಡಿದೆ. ಅಧ್ಯಕ್ಷೆ ತಡೆದರು. “ಪೈಪು ಹಳೇದಾದ್ರ ಆಗ್ಲಿ ಬಿಡ್ರಿ. ನಂದು ಒಂದ ಮಾತು. ನೀರು ಬರ್ತೈತೋ ಇಲ್ಲೋ?”

ಅವರು ಹಾಗೆ ಕೇಳಿದ್ದಕ್ಕೆ ಕಾರಣ ರಸ್ತೆಯ ಇನ್ನೊಂದು ಬದಿಯಲ್ಲಿ ಕಾಣುತ್ತಿತ್ತು. ಗುಡ್ಡದ ಕಡೆಯಿಂದ ಬರುವ ಮಳೆನೀರನ್ನು ಕೆರೆಗೆ ತರುವ ಹಳೆಯ ನೀರುದಾರಿಯೊಂದು ಹೂಳು ತುಂಬಿ ಮುಚ್ಚಿಹೋಗಿತ್ತು. ಕೆರೆ ಬತ್ತಿದ್ದು ಅದರಿಂದಲೇ. ಆ ವರ್ಷ ಜನವರಿಯಿಂದ ಇಡೀ ಊರು, ಮನೆಗೊಂದು ಆಳಿನಂತೆ, ಅದನ್ನು ಅಗೆಯಲು ಹತ್ತಿತ್ತು. ಮೂರರಲ್ಲಿ ಎರಡು ಪಾಲು ಮುಗಿದಿತ್ತು. ಪೈಪು ಇಳಿದ ಮರುದಿನ ಗಂಡಸರು ಸಲಿಕೆ ಬಿಟ್ಟರು. ಕಾಲುವೆಯ ನೀರೇ ತಾನಾಗಿ ಬರುವಾಗ ಮಣ್ಣು ಯಾಕೆ ಹೊರಬೇಕು? ಮುಂಗಾರಿಗೆ ಎರಡು ತಿಂಗಳೂ ಇರಲಿಲ್ಲ. ಅಷ್ಟರಲ್ಲಿ ಅಗೆದು ಮುಗಿಸದಿದ್ದರೆ ಆ ವರ್ಷದ ಮಳೆ ಬಗಲಿನ ಹಳ್ಳಕ್ಕೆ ಹೋಗುತ್ತಿತ್ತು, ಅಲ್ಲಿಂದ ಹೊಳೆಗೆ. ನಾನು ದಾರ ಹಿಡಿದು ನೆಟ್ಟಗೆ ಕೂರಿಸಿದ ಇಪ್ಪತ್ತಾರು ಪೈಪು ಮಾಡಿದ ಕೆಲಸ ಅದು.

ಪೈಪಿನ ಮೇಲೆ ಕೂತಿದ್ದ ಒಬ್ಬ ಹಿರಿಯರು, ಅಗೆತದ ಮೇಲ್ವಿಚಾರಣೆ ನೋಡುತ್ತಿದ್ದ ಮುಕಾದಮರು, ಅಧ್ಯಕ್ಷೆಯ ಮಾತಿಗೆ ರೇಗಿದರು. “ಪೈಪು ಹಳೇದಿದ್ರೇನವಾ, ನೀರು ಹೊಸಾದ ಬರ್ತೈತಲ್ಲ! ದೊಡ್ಡ ಮನಷ್ಯಾ ಮೈಕಿನ್ಯಾಗ ಹೇಳ್ಯಾನ.”

“ಮೈಕಿನ್ಯಾಗ ಹೇಳಿದ್ರ ನೀರು ಏರು ಹತ್ತತೈತೇನ ಕಾಕಾ?”

“ಏರೈತಂತ ನಿನಗ ಯಾರು ಹೇಳಿದ್ರು?”

ಅಧ್ಯಕ್ಷೆ ನನ್ನ ಕಡೆ ತಿರುಗಿದರು. “ಇವರು ಹೇಳ್ತಾರ. ಅವತ್ತು ಸ್ಟೇಜಿನ ಮ್ಯಾಲ ಹೇಳಲಿಲ್ಲೇನ್ರಿ, ಈ ಕಾಲುವಿ ಲೆವೆಲ್ ಹಿಡದಾಂವ ನಾನ ಅಂತ? ಹಿಡೀರಿ ಮತ್ತ. ನಾವೂ ನೋಡ್ತೇವಿ.”

ಹೌದು, ನಾನು ಹಾಗೆ ಕೊಚ್ಚಿಕೊಂಡಿದ್ದೆ. ಹಿಂದೆ ಸರಿಯಲು ದಾರಿ ಇರಲಿಲ್ಲ. ಸತ್ಯದ ಮೇಲಿನ ಪ್ರೀತಿಯಿಂದ ಒಪ್ಪಿಕೊಂಡೆನೋ, ಹೆಂಗಸರ ಎದುರು ಮಾನ ಉಳಿಸಿಕೊಳ್ಳಲೋ ಎಂಬುದನ್ನು ಈಗ ವಿಂಗಡಿಸಲಾರೆ. ಆ ದಿನಗಳಿಗೆ ನಾನು ನಂಬುವ ಸಾಕ್ಷಿ ಒಂದೇ, ಅಳತೆ ಬರೆದ ಪುಸ್ತಕ. ಅದರಲ್ಲಿ ನನ್ನ ಭಾವನೆಗಳಿಗೆ ಕಾಲಂ ಇಲ್ಲ.

ಗದಗಿನಲ್ಲಿ ಗೆಳೆಯನೊಬ್ಬನಿಂದ ಯಂತ್ರ ತಂದೆ. ಕೆಲಸ ಸರಳ, ಆದರೆ ಬೇಸರದ್ದು. ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಕೂರಿಸಿ, ಅದರೊಳಗಿನ ಗುಳ್ಳೆ ನಟ್ಟನಡುವೆ ಬರುವಂತೆ ಹೊಂದಿಸಬೇಕು. ಹಿಂದೆ ಐವತ್ತು ಮೀಟರ್ ದೂರದಲ್ಲಿ ಒಬ್ಬರು ಅಂಕಿ ಬರೆದ ಉದ್ದನೆಯ ಪಟ್ಟಿ ನೆಟ್ಟಗೆ ಹಿಡಿದು ನಿಲ್ಲುತ್ತಾರೆ. ದುರ್ಬೀನಿನಲ್ಲಿ ಅಂಕಿ ಓದಿ ಬರೆದುಕೊಳ್ಳಬೇಕು. ಆಮೇಲೆ ಪಟ್ಟಿ ಐವತ್ತು ಮೀಟರ್ ಮುಂದೆ ಹೋಗುತ್ತದೆ, ಮತ್ತೆ ಓದಬೇಕು. ಎರಡರ ವ್ಯತ್ಯಾಸವೇ ಆ ನೂರು ಮೀಟರಿನ ಏರು ಅಥವಾ ಇಳಿತ. ಹೀಗೆ ಕಾಲುವೆಯ ತೂಬಿನಿಂದ ಕೆರೆಯವರೆಗೆ, ಮತ್ತೆ ಕೆರೆಯಿಂದ ತೂಬಿಗೆ. ಹೋಗಿ ಬಂದಾಗ ಮೊದಲಿನ ಅಂಕಿಗೇ ಬಂದು ನಿಂತರೆ ಅಳತೆ ಸರಿ.

ಮೊದಲ ದಿನ ಪಟ್ಟಿ ಹಿಡಿಯಲು ನಮ್ಮ ಕಚೇರಿಯ ಕಾರ್ಯಕರ್ತನೊಬ್ಬನನ್ನು ಕರೆದೊಯ್ದೆ. ಅವನ ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಫೋನು. ಕಪ್ಪು ಎರೆಭೂಮಿ ಏಪ್ರಿಲ್ ಬಿಸಿಲಿಗೆ ಅಂಗೈ ಅಗಲ ಬಿರುಕು ಬಿಟ್ಟಿತ್ತು. ಅವನು ಎಲ್ಲಿ ಹೆಂಟೆ ಕಂಡಿತೋ ಅಲ್ಲಿ ಪಟ್ಟಿ ಊರುತ್ತಿದ್ದ. ನಾನು ಯಂತ್ರ ಎತ್ತಿಕೊಂಡು ಅವನನ್ನು ದಾಟಿ ಮುಂದೆ ಹೋಗಿ ಮತ್ತೆ ಹೊಂದಿಸುವಷ್ಟರಲ್ಲಿ ಹೆಂಟೆ ಪುಡಿಯಾಗಿ ಪಟ್ಟಿ ಕುಸಿದಿರುತ್ತಿತ್ತು. ಸಂಜೆ ಲೆಕ್ಕ ಹಾಕಿದರೆ ಅರವತ್ತಮೂರು ಸೆಂಟಿಮೀಟರ್ ತಪ್ಪು. ನನ್ನ ಮಟ್ಟಿಗೆ ಉತ್ತರ ಆಗಲೇ ಸಿಕ್ಕಿತ್ತು. ಕೆರೆ ಕಾಲುವೆಗಿಂತ ಐದು ಮೀಟರಿಗೂ ಹೆಚ್ಚು ಎತ್ತರದಲ್ಲಿತ್ತು, ಅರ್ಧ ಮೀಟರ್ ಆಚೀಚೆಯಾದರೂ ನೀರು ಹತ್ತುವುದಿಲ್ಲ. ಆದರೆ ಊರಿನ ಮಟ್ಟಿಗೆ ಅಲ್ಲ.

“ನೀನ ಎರಡು ಅಡಿ ತಪ್ಪಿದ್ದೀಯಲ್ಲಪಾ,” ಎಂದರು ಹಿರಿಯರು. “ಅದನ್ನ ತಪ್ಪಿದಾಂವ ಉಳಿದದ್ದು ತಪ್ಪಿಲ್ಲ ಅಂತ ಹೆಂಗ ನಂಬೂದು?”

ಅವರ ಮಾತು ನ್ಯಾಯವಾಗಿತ್ತು. ಊರ ಕಟ್ಟೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ನನ್ನ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ಅಳತೆ ಪುಸ್ತಕವೊಂದರ ಮೇಲೆ ಬಗ್ಗಿ ನೋಡಿದ್ದು ಅದೇ ಮೊದಲು.

ಎರಡನೆಯ ಸಲ ಪಟ್ಟಿ ಹಿಡಿಯಲು ಸಂಘದ ಇಬ್ಬರು ಹೆಂಗಸರು ಬಂದರು, ಜೊತೆಗೆ ಅಧ್ಯಕ್ಷೆ. ಪಟ್ಟಿಯ ಕೆಳಗೆ ಇಡಲು ಕಬ್ಬಿಣದ ಗಟ್ಟಿ ತಳ ಬೇಕು, ಕುಸಿಯಬಾರದು ಎಂದು ಹಿಂದಿನ ದಿನ ಹೇಳಿದ್ದೆ. ಅಧ್ಯಕ್ಷೆ ಸೆರಗಿನಡಿಯಿಂದ ರೊಟ್ಟಿ ಹಂಚು ತೆಗೆದರು. ಬೋರಲು ಹಾಕಿದರೆ ನಡುವೆ ಉಬ್ಬು, ಅಂಚು ನೆಲ ಕಚ್ಚುತ್ತದೆ. ಇದಕ್ಕಿಂತ ಒಳ್ಳೆಯ ತಳವನ್ನು ನಾನು ಕಾಲುವೆ ಕೆಲಸದಲ್ಲೂ ಕಂಡಿರಲಿಲ್ಲ.

“ಮನ್ಯಾಗ ಮಧ್ಯಾಹ್ನದ ರೊಟ್ಟಿಗೆ?” ಎಂದೆ.

“ಇವತ್ತು ಅವರಿಗೆ ಅನ್ನ. ನೀರು ಬರೂದಿಲ್ಲಂತ ಗೊತ್ತಾದ್ರ ಸಲಿಕಿ ಹಿಡೀತಾರ, ಆಮ್ಯಾಲ ರೊಟ್ಟಿ.”

ಎರಡು ದಿನ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಅದಕ್ಕಿಂತ ತಡವಾದರೆ ಬಿಸಿಲ ಝಳಕ್ಕೆ ದುರ್ಬೀನಿನಲ್ಲಿ ಅಂಕಿ ಕುಣಿಯುತ್ತದೆ. ಒಬ್ಬರು ಹಂಚನ್ನು ನೆಲಕ್ಕೆ ತುಳಿದು ಕೂರಿಸಿದರೆ ಇನ್ನೊಬ್ಬರು ಅದರ ಉಬ್ಬಿನ ಮೇಲೆ ಪಟ್ಟಿ ಇಟ್ಟು, ನಾನು ಕೈ ಬೀಸುವವರೆಗೆ ಕಂಬದಂತೆ ನಿಲ್ಲುತ್ತಿದ್ದರು. ಅಂಕಿಗಳನ್ನು ಅಧ್ಯಕ್ಷೆ ನನ್ನ ಪಕ್ಕದಲ್ಲಿ ಕೂತು ಬೇರೊಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಪುಸ್ತಕದ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಒಂದು ಕಡೆ ನಾನು ತಪ್ಪು ಕೂಡಿದ್ದನ್ನು ಅವರೇ ಹಿಡಿದರು. ಕೊನೆಗೆ ತೂಬಿಗೆ ವಾಪಸು ಬಂದಾಗ ವ್ಯತ್ಯಾಸ ಇಪ್ಪತ್ತೊಂದು ಮಿಲಿಮೀಟರ್. ಆರು ಕಿಲೋಮೀಟರ್ ಹೋಗಿ ಬಂದ ದಾರಿಗೆ ಅದು ಬೆರಳಿನ ಅಗಲ. ಕೆರೆ ಕಾಲುವೆಯ ನೀರಿಗಿಂತ ಐದು ಮೀಟರ್ ನಲವತ್ತು ಸೆಂಟಿಮೀಟರ್ ಎತ್ತರ.

ಅಂಕಿಯನ್ನು ಕಟ್ಟೆಯ ಮೇಲೆ ಓದಿದೆ. ಯಾರಿಗೂ ಏನೂ ಅನ್ನಿಸಲಿಲ್ಲ. ಐದು ಮೀಟರ್ ಎಂಬುದು ಗಾಳಿಯಲ್ಲಿ ತೇಲಿಹೋಯಿತು. ಅಳೆದದ್ದನ್ನು ತೋರಿಸಲಾರದ ಮೇಲೆ ಅಳೆದು ಏನು ಫಲ ಎಂದು ಕೂತಿದ್ದಾಗ ಬಾವಿ ಕಣ್ಣಿಗೆ ಬಿತ್ತು. ಏರಿಯ ಬುಡದಲ್ಲೇ ಇದ್ದ ಆ ಬಾವಿಯೊಳಗೆ ಕಲ್ಲಿನ ಮೆಟ್ಟಿಲುಗಳು ತಳದವರೆಗೆ ಇಳಿದಿವೆ. ಬೇಸಿಗೆಯಲ್ಲಿ ತಳದಲ್ಲಿ ಒಂದಿಷ್ಟು ಹಸಿರು ನೀರು ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಪಟ್ಟಿಯನ್ನು ಒಳಗೆ ಇಳಿಸಿ, ಕಾಲುವೆಯ ನೀರಿನ ಮಟ್ಟ ಎಲ್ಲಿಗೆ ಬರುತ್ತದೋ ಅಲ್ಲಿ ಗೋಡೆಗೆ ಸುಣ್ಣದ ಗೆರೆ ಎಳೆದೆವು. ಬಾಯಿಂದ ಹದಿನೆಂಟು ಮೆಟ್ಟಿಲು ಕೆಳಗೆ.

“ಕಾಲುವಿ ನೀರು ಪೈಪಿನ್ಯಾಗ ತಾನ ಹರದು ಬಂದ್ರ ಇಲ್ಲಿ ನಿಲ್ತೈತಿ. ಕೆರಿ ಮ್ಯಾಲೈತಿ,” ಎಂದೆ.

ಸಂಜೆಯವರೆಗೆ ಊರಿನ ಬಹಳಷ್ಟು ಜನ ಬಂದು ನೋಡಿ ಹೋದರು. ಹಿರಿಯರು ಮೆಟ್ಟಿಲು ಎಣಿಸುತ್ತ ಗೆರೆಯವರೆಗೆ ಇಳಿದರು, ಕತ್ತು ಎತ್ತಿ ಮೇಲೆ ನೋಡಿದರು, ಎಣಿಸುತ್ತಲೇ ಹತ್ತಿ ಬಂದರು. ಏದುಸಿರು ನಿಂತ ಮೇಲೆ ಹೇಳಿದರು: “ಖರೆ ಇರಬೌದು. ಆದ್ರ ನೀ ಅವರ ಪಗಾರದ ಮನಷ್ಯಾ. ಇವತ್ತು ಹಿಂಗ ಅಂತಿ, ನಾಳೆ ಹಂಗ ಅಂತಿ. ಬರ್ತೈತಿ ಅಂದಾಂವ ಯಾರು? ಆಂವ ಬಂದು, ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳ್ಲಿ. ಅವತ್ತ ನಾ ಸಲಿಕಿ ಹಿಡೀತೇನಿ. ನಾ ಹಿಡದ್ರ ಎಲ್ಲಾರೂ ಹಿಡೀತಾರ.”

ಮರುದಿನ ಎರಡು ಸಂಗತಿ ನಡೆದವು, ಯಾವುದು ಮೊದಲು ಎಂಬುದು ನೆನಪಿಲ್ಲ. ಎದುರು ಪಾಳಯದ ಪ್ರಚಾರದವನೊಬ್ಬ ಫೋನು ಮಾಡಿ, “ಆ ಬಾವಿ ಮುಂದ ನಿಂತು ಎರಡು ನಿಮಿಷ ಮಾತಾಡ್ರಿ ಸಾಕು, ನಮ್ಮ ಹುಡುಗರು ವಿಡಿಯೋ ಮಾಡ್ತಾರ,” ಎಂದ. ಲಕ್ಷ್ಮೇಶ್ವರದ ಕಚೇರಿಯಲ್ಲಿ ನಮ್ಮ ಉಸ್ತುವಾರಿ ನನ್ನನ್ನು ಎದುರು ಕೂರಿಸಿಕೊಂಡರು. ಬೆಟಗೇರಿಯವರು, ಎಷ್ಟೋ ಚುನಾವಣೆಗಳನ್ನು ನಡೆಸಿದವರು, ದನಿ ಏರಿಸುವ ಮನುಷ್ಯರಲ್ಲ.

“ಮತದಾನ ಮುಗೀಲಿ. ಆಮ್ಯಾಲ ನಾನ ಬಂದು ಊರಿಗೆ ಹೇಳ್ತೇನಿ, ಲೆವೆಲ್ ಕೂಡಲಿಲ್ಲಂತ. ಎರಡು ವಾರ ಬಾಯಿ ಮುಚ್ಚಿಕೊಂಡಿರಾಕ ಏನ ತ್ರಾಸು ನಿನಗ?”

“ಈ ಎರಡು ವಾರ ಹೋದ್ರ ಮಳಿಗಿಂತ ಮೊದ್ಲು ಅಗದು ಮುಗಿಯೂದಿಲ್ಲ ಅಣ್ಣಾರ. ಮಳಿ ಬಂದ್ರ ಆತು, ಈ ವರ್ಷದ್ದು ಹೋತು.”

“ಒಂದ ಊರು. ಪಟ್ಟಿಯೊಳಗ ಎಷ್ಟ ಊರು ಅದಾವ ಗೊತ್ತೈತಿಲ್ಲ? ಒಂದು ಕಡೆ ಬರೂದಿಲ್ಲ ಅಂದ್ರ ಉಳಿದ ಕಡೆ ಪೈಪಿಗೆ, ಖಡಿಗೆ ಜನ ಏನಂತಾರ?”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ದಾರ ಎಳೆದರೆ ಇಡೀ ಪಟ್ಟಿ ಬಿಚ್ಚಿಕೊಳ್ಳುವಂತಿತ್ತು, ಆ ಪಟ್ಟಿ ನಾನೇ ಬರೆದದ್ದು. ಸಿಟ್ಟಿಗೆ ಎದುರು ಪಾಳಯದವನಿಗೆ ಹೂಂ ಎಂದುಬಿಡಬೇಕು ಅನ್ನಿಸಿತು. ಅದನ್ನೇ ಹೇಳಲು ಅಧ್ಯಕ್ಷೆಗೆ ಫೋನು ಮಾಡಿದೆ.

“ಅವರಿಗೆ ಕೊಟ್ರ ನಮ್ಮ ಬಾವಿ ಅವರ ವಿಡಿಯೋದಾಗ ಇರ್ತೈತಿ ಸರ್ರ. ಕೆರ್ಯಾಗ ನೀರು ಇರೂದಿಲ್ಲ. ಕಾಕಾ ಏನಂದಾನ? ಹೇಳಿದ ಬಾಯಿಂದನ ಬರ್ಲಿ ಅಂದಾನ. ನಿಮ್ಮ ಸಾಹೇಬ್ರನ್ನ ಕರಕೊಂಡು ಬರ್ರಿ.”

ನಾನು ಅಲ್ಲೇ ತೀರ್ಮಾನಿಸಿದೆ. ಅಭ್ಯರ್ಥಿಯ ಎರಡನೆಯ ಸುತ್ತಿನ ಸಭೆ ಆ ಊರಿನಲ್ಲಿ ಶುಕ್ರವಾರ ಬೆಳಿಗ್ಗೆ ಇತ್ತು. ಎಂದಿನಂತೆ ಚೀಟಿ ಬರೆದೆ. ಈ ಸಲ ಅದರಲ್ಲಿ ಇದ್ದದ್ದು ನಾಲ್ಕು ಸಾಲು: ಕೆರೆ ಎತ್ತರ, ಕಾಲುವೆ ತಗ್ಗು. ಅಂತರ ಐದು ಮೀಟರ್ ನಲವತ್ತು. ಪಂಪಿಲ್ಲದೆ ನೀರು ಬರುವುದಿಲ್ಲ. ಊರಿಗೆ ಇದು ಗೊತ್ತಿದೆ.

ಶಿರಹಟ್ಟಿಯಲ್ಲಿ ಒಂದು ಸಭೆ ಮುಗಿಸಿ ಹೊರಟ ಜೀಪಿನಲ್ಲಿ, ಉಸ್ತುವಾರಿ ಮುಂದಿನ ಸೀಟಿನಲ್ಲಿರುವಾಗಲೇ, ಅಭ್ಯರ್ಥಿಯ ಕೈಗೆ ಚೀಟಿ ಕೊಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಇದು ಖರೇನ?”

“ಎರಡು ಸಲ ಅಳದೇನ್ರಿ ಸಾಹೇಬ್ರ.”

“ಮೊದ್ಲು ಬರದು ಕೊಟ್ಟಿದ್ದಿಯಲ್ಲ, ಅದು?”

“ಅಳೀಲಾರದ ಬರದಿದ್ದೆ.”

ಉಸ್ತುವಾರಿ ತಿರುಗಿ ಚೀಟಿ ಕಸಿದುಕೊಂಡರು. “ಆ ಊರು ಕ್ಯಾನ್ಸಲ್ ಮಾಡೂಣ್ರಿ. ಸೀದಾ ಮುಂಡರಗಿಗೆ ಹೋಗೂಣು.”

ಅಭ್ಯರ್ಥಿ ಆಗ ಹೇಳಿದ್ದನ್ನು ನಾನು ಎರಡು ರೀತಿಯಲ್ಲಿ ನೆನಪಿಟ್ಟುಕೊಂಡಿದ್ದೇನೆ. ಒಂದರಲ್ಲಿ ಅವರು, “ಸುಳ್ಳು ಹೇಳಿ ಬಂದ ಊರಿಗೆ ಮಾರಿ ಹೆಂಗ ತೋರಸಲಿ, ಹೋಗಿ ಹೇಳಿಬಿಡ್ತೇನಿ,” ಎನ್ನುತ್ತಾರೆ. ಇನ್ನೊಂದರಲ್ಲಿ, “ಹೆಂಗೂ ಗೊತ್ತಾಗೈತಿ ಅಂದಮ್ಯಾಲ ಹೋಗದಿದ್ರ ಓಡಿಹೋದ ಅಂತಾರ,” ಎನ್ನುತ್ತಾರೆ. ಎರಡನ್ನೂ ಹೇಳಿರಬಹುದು. ಜೀಪು ಮಾತ್ರ ಆ ಊರಿಗೆ ತಿರುಗಿತು.

ಶಾಮಿಯಾನ, ಕುರ್ಚಿ, ಮೈಕು ಎಲ್ಲ ಶಾಲೆಯ ಬಯಲಿನಲ್ಲಿದ್ದವು. ಜನ ಇದ್ದದ್ದು ಬಾವಿಯ ಸುತ್ತ. ಅಭ್ಯರ್ಥಿ ಇಳಿದವರೇ ಆ ಕಡೆ ನಡೆದರು. ಅಧ್ಯಕ್ಷೆ ಮುಂದೆ ಬಂದು ಕೈ ಮುಗಿದರು.

“ಬರ್ರಿ ಸಾಹೇಬ್ರ. ಗೆರಿ ನೋಡೀರಿ?”

“ಇಲ್ಲಿಂದನ ಕಾಣಸ್ತೈತಲ್ಲವಾ.”

“ಇಲ್ಲಿಂದ ಸಣ್ಣದು ಕಾಣಸ್ತೈತ್ರಿ. ಇಳದು ನೋಡ್ರಿ.”

ಬಿಳಿ ಧೋತರ, ಬಿಳಿ ಜುಬ್ಬಾ, ಕೊರಳಲ್ಲಿ ಹಾರ. ಹದಿನೆಂಟು ಮೆಟ್ಟಿಲನ್ನು ಅವರು ಗೋಡೆ ಹಿಡಿದು ಇಳಿದರು. ನಾನು ಹಿಂದೆ ಹೊರಟಾಗ ಕೈ ಮಾಡಿ ಅಲ್ಲೇ ನಿಲ್ಲಿಸಿದರು. ಸುಣ್ಣದ ಗೆರೆಯ ಹತ್ತಿರ ನಿಂತು ಮೇಲೆ ನೋಡಿದರು. ಬಾವಿಯ ನಾಲ್ಕೂ ಕಡೆ ತಲೆಗಳು. ಅಷ್ಟು ಜನ ಅಷ್ಟು ಎತ್ತರದಿಂದ ತಮ್ಮನ್ನು ನೋಡುವುದು ಅವರಿಗೂ ಹೊಸದಿರಬೇಕು. ಸ್ಟೇಜಿನ ಮೇಲೆ ಯಾವಾಗಲೂ ಅದರ ಉಲ್ಟಾ.

ಅವರು ಏನೋ ಹೇಳಿದರು. ಮೈಕು ಇರಲಿಲ್ಲ.

“ಕೇಳವಲ್ದರೀ!” ಎಂದು ಹಿರಿಯರು ಮೇಲಿನಿಂದ ಕೂಗಿದರು.

“ನೀರು ಇಲ್ಲಿ ತನಕಾ ಬರ್ತೈತಿ!”

“ಮ್ಯಾಲ?”

“ಮ್ಯಾಲ ಬರೂದಿಲ್ಲ!”

“ಕೆರಿಗ್ರಿ?”

“ಕೆರಿಗೆ ಬರೂದಿಲ್ಲ! ಅವತ್ತು ನಾ ಹೇಳಿದ್ದು ತಪ್ಪು!”

“ಆ ಕಡೆ ನಿಂತವರಿಗೆ ಕೇಳಿಲ್ಲಂತ್ರಿ, ಇನ್ನೊಮ್ಮೆ!”

ಜನ ನಗಲು ಹತ್ತಿದ್ದರು. ಅಭ್ಯರ್ಥಿಗೂ ನಗು ಬಂತು. ನಗುತ್ತಲೇ ಆ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ಇನ್ನೊಮ್ಮೆ ಕೂಗಿದರು. “ಬರೂದಿಲ್ಲ” ಎಂಬುದು ಕಲ್ಲಿಗೆ ಬಡಿದು ಮೇಲಕ್ಕೆ ಬಂತು. ಶಾಲೆಯ ಬಯಲಿನಲ್ಲಿ ‘ಬರುತ್ತದೆ’ ಎಂದಾಗ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಇದನ್ನು ನಾನು ಉಬ್ಬಿಸಿ ಬರೆಯುತ್ತಿಲ್ಲ. ಉಸ್ತುವಾರಿಯೂ ಹಾಗೆಯೇ ಹೇಳುತ್ತಾರೆ, ಬೇಸರದಿಂದ.

ಮೇಲೆ ಹತ್ತಿ ಬಂದು ಬೆವರು ಒರೆಸಿಕೊಳ್ಳುತ್ತ ಅಭ್ಯರ್ಥಿ, “ಪೈಪು ಇಲ್ಲೇ ಇರ್ಲಿ. ನಿಮ್ಮ ನೀರುದಾರಿಗೆ ರಸ್ತಾ ಅಡ್ಡ ಬರ್ತೈತಲ್ಲ, ಅಲ್ಲಿ ಹಾಕ್ಕೋರಿ,” ಎಂದರು. ಒಳ್ಳೆಯ ಮಾತೇ. ನಾನೂ ತಲೆಯಾಡಿಸಿದ್ದೆ.

“ಬ್ಯಾಡ್ರಿ,” ಎಂದರು ಅಧ್ಯಕ್ಷೆ. “ಓಟಿನ ಮುಂದ ಕೊಟ್ಟದ್ದು ಕೊಟ್ಟದ್ದಲ್ಲ. ನಾಳೆ ಕೇಸ್ ಆದ್ರ ನಿಮಗೂ ತ್ರಾಸು, ನಮಗೂ ತ್ರಾಸು. ಅಡ್ಡರಸ್ತಾಕ್ಕ ನಮ್ಮಲ್ಲಿ ಹಾಸುಗಲ್ಲು ಅದಾವ. ನೀವು ಪೈಪು ಒಯ್ರಿ. ಅವು ಅಲ್ಲಿದ್ರ ನಮ್ಮ ಗಂಡಸರು ಅದರ ಮ್ಯಾಲ ಕುಂಡ್ರತಾರ.”

ಶನಿವಾರ ಮುಂಜಾನೆ ಎಲ್ಲರ ಕಣ್ಣೆದುರು ಕ್ರೇನು ಬಂತು. ಮತದಾನಕ್ಕೆ ಮೊದಲೇ, ಹಾಡೇ ಹಗಲು ಸಾಮಾನು ವಾಪಸಾದದ್ದು ನನ್ನ ಪಟ್ಟಿಯಲ್ಲಿ ಆ ಊರಿನಿಂದ ಮಾತ್ರ. ಕೊನೆಯ ಪೈಪು ಟ್ರಕ್ ಹತ್ತುವಷ್ಟರಲ್ಲಿ ಹಿರಿಯರು ಸಲಿಕೆ ಹೆಗಲಿಗಿಟ್ಟು ರಸ್ತೆ ದಾಟಿದ್ದರು, ಅವರ ಹಿಂದೆ ಸಾಲಾಗಿ ಊರು. ಸೋಮವಾರದಿಂದ ಕಚೇರಿಗೆ ಬರಬೇಡ ಎಂದು ಉಸ್ತುವಾರಿ ನನಗೆ ಹೇಳಿದರು. ಸೋಮವಾರ ಯಂತ್ರ ಹೊತ್ತು ನಾನೂ ಆ ಊರಿಗೆ ಹೋದೆ. ನೀರುದಾರಿಗೆ ಸರಿಯಾದ ಇಳಿಜಾರು ಬೇಕಿತ್ತು. ಮೊದಲು ಅಗೆದ ಭಾಗದಲ್ಲಿ ಒಂದು ಕಡೆ ಅವರು ಕಣ್ಣಂದಾಜಿನಲ್ಲಿ ಅಗೆದು ನೀರು ಹಿಂದಕ್ಕೆ ಹರಿಯುವಂತೆ ಮಾಡಿದ್ದರು. ಇಪ್ಪತ್ತು ಮೀಟರಿಗೊಂದು ಗೂಟ ಹೊಡೆದು, ಪ್ರತಿ ಗೂಟದ ಮೇಲೆ ಎಷ್ಟು ಆಳ ಎಂದು ಬರೆದೆ. ಪಟ್ಟಿ ಹಿಡಿದವರು ಅದೇ ಇಬ್ಬರು ಹೆಂಗಸರು. ಎರಡನೆಯ ವಾರಕ್ಕೆ ಅವರೇ ಯಂತ್ರದ ಗುಳ್ಳೆ ಹೊಂದಿಸುತ್ತಿದ್ದರು, ನಾನು ಪಟ್ಟಿ ಹಿಡಿಯುತ್ತಿದ್ದೆ.

ಮತದಾನದ ದಿನ ಅಗೆತಕ್ಕೆ ಅರ್ಧ ದಿನ ರಜೆ. ಆ ಊರಿನ ಬೂತಿನಲ್ಲಿ ನಮ್ಮ ಅಭ್ಯರ್ಥಿಗೆ ಹಿಂದಿನ ಸಲಕ್ಕಿಂತ ಹೆಚ್ಚು ಮತ ಬಿದ್ದವು. ಒಟ್ಟು ಎಣಿಕೆಯಲ್ಲಿ ಅವರು ಸೋತರು. ನಿಜ ಹೇಳಿದ್ದಕ್ಕೆ ಮತ ಬಂತು ಎಂದು ಬರೆಯಲು ಕೈ ತುಡಿಯುತ್ತದೆ. ಅಳತೆ ಮಾಡದ ಯಾವುದನ್ನೂ ಬರೆಯಬಾರದು ಎಂದು ಒಮ್ಮೆ ತಪ್ಪಿ ಕಲಿತಿದ್ದೇನೆ. ಬಾವಿಯಲ್ಲಿ ನಿಂತು ಕೂಗಿದ ಮನುಷ್ಯನನ್ನು ಕಂಡು ಊರಿಗೆ ಖುಷಿಯಾಗಿತ್ತು, ಅಷ್ಟು ಗೊತ್ತು.

ಮೇ ಕೊನೆಗೆ ಅಗೆತ ಮುಗಿಯಿತು. ಜೂನ್‌ನ ಮೊದಲ ಮಳೆಯನ್ನು ನೆಲ ಕುಡಿದುಬಿಟ್ಟಿತು. ಎರಡನೆಯದನ್ನೂ. ಮೂರನೆಯ ಮಳೆಗೆ ಅಧ್ಯಕ್ಷೆ ಫೋನು ಮಾಡಿ, “ಗುಡ್ಡದ ಕಡೆ ಕರ್ರಗಾಗೈತಿ, ಹೊಂಡ್ರಿ,” ಎಂದರು. ಗದಗಿನಿಂದ ಬಸ್ಸು ಹಿಡಿದು ಮಧ್ಯಾಹ್ನ ಮೂರಕ್ಕೆ ಇಳಿದಾಗ ಊರಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಕೆರೆಯಲ್ಲಿದ್ದರು. ಒಣಗಿದ ತಳಕ್ಕೆ ಇಳಿದು ನಾನೂ ಅಧ್ಯಕ್ಷೆಯ ಪಕ್ಕ ನಿಂತೆ. ನೀರುದಾರಿಯ ಬಾಯಿ ಅಲ್ಲಿಂದ ಕಾಣುತ್ತಿತ್ತು. ಏನೂ ಇಲ್ಲ. ಅಡ್ಡರಸ್ತೆಯ ಹತ್ತಿರ ನೀರು ನಿಂತಿದೆ ಎಂದು ಯಾರೋ ಕೂಗಿದರು. ಆ ಭಾಗದ ಗೂಟಗಳ ಅಂಕಿ ಒಂದೊಂದಾಗಿ ತಲೆಯಲ್ಲಿ ಓಡಿದವು. ಎಲ್ಲಿ ತಪ್ಪಿದೆ?

ತಪ್ಪಿರಲಿಲ್ಲ. ಹಾಸುಗಲ್ಲಿನ ಕೆಳಗೆ ಮುಳ್ಳುಕಂಟಿ ಸಿಕ್ಕಿಕೊಂಡಿತ್ತು. ಹಿರಿಯರು ಮೊಣಕಾಲುದ್ದ ಕೆಸರಿಗೆ ಇಳಿದು ಅದನ್ನು ಎಳೆದರಂತೆ. ಮೊದಲು ಸದ್ದು ಬಂತು. ಆಮೇಲೆ ನೀರುದಾರಿಯ ಬಾಯಲ್ಲಿ ಕೆಂಪು ನೊರೆ, ಕಡ್ಡಿ, ಒಣ ಎಲೆ, ಅದರ ಹಿಂದೆ ನೀರು. ಕೆರೆಯ ತಳದ ಬಿರುಕುಗಳನ್ನು ಒಂದೊಂದಾಗಿ ತುಂಬುತ್ತ, ಹುಳುಗಳನ್ನು ಎಬ್ಬಿಸುತ್ತ, ಅಗಲವಾಗಿ ನಮ್ಮ ಕಡೆ ಬಂತು. ಹೆಂಗಸರು ಕೇಕೆ ಹಾಕಿದರು. ಯಾರೋ ಯಾರನ್ನೋ ತಬ್ಬಿಕೊಂಡರು. ನಾನು ನೋಡುತ್ತ ನಿಂತೇ ಇದ್ದೆ.

ಅಧ್ಯಕ್ಷೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

“ಬೂಟು ಬಿಚ್ಚು ತಮ್ಮಾ,” ಎಂದರು. “ನೀ ನಿಂತದ್ದು ಕೆರಿ.”